ಉಚಿತ ಆನ್‌ಲೈನ್ ಸಾಮಗ್ರಿಯಿಂದ ವಿಶ್ವವಿದ್ಯಾಲಯದ ಗಣಿತ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಮಟ್ಟದ ಗಣಿತ ಕಲಿಸುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಲಿ. ಈಗಾಗಲೇ ಬಳಸುತ್ತಿರುವವರು ತಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಆರಂಭಿಸುವವರಿಗೆ

ಉಚಿತ ಎಂದ ಮೇಲೆ ಹೇಗೆ ಬೇಕಾದರೂ ಬಳಸಬಹುದಲ್ಲವೇ?

ಇಲ್ಲ. ನೋಡಲು ಹಣ ಕೇಳದಿರುವುದು ಬೇರೆ, ತಿದ್ದಿ ಹಂಚಲು ಅನುಮತಿ ಕೊಡುವುದು ಬೇರೆ. ಯೂಟ್ಯೂಬಿನಲ್ಲಿರುವ ಒಂದು ಪಾಠದ ಕೊಂಡಿಯನ್ನು ವಿದ್ಯಾರ್ಥಿಗಳಿಗೆ ಕಳಿಸಲು ಯಾರ ಅಪ್ಪಣೆಯೂ ಬೇಡ. ಅದನ್ನೇ ಇಳಿಸಿಕೊಂಡು, ಕತ್ತರಿಸಿ, ನಿಮ್ಮ ಹೆಸರಿನ ಪುಟದಲ್ಲಿ ಹಾಕುವುದಕ್ಕೆ ಪರವಾನಗಿ ಇರಬೇಕು.

ಮುಕ್ತ ಸಾಮಗ್ರಿಯ ಬಹುಪಾಲು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಸಿಗುತ್ತದೆ. ಇವು ಬಳಕೆಗೆ ಬಂದದ್ದು 2002ರಲ್ಲಿ. ಗುರುತಿಟ್ಟುಕೊಳ್ಳಬೇಕಾದ ತುಣುಕುಗಳು ನಾಲ್ಕು. ‘ಬಿವೈ’ ಎಂದರೆ ಕರ್ತೃವಿನ ಹೆಸರು ಹೇಳಬೇಕು. ‘ಎಸ್‌ಎ’ ಎಂದರೆ ನೀವು ಬದಲಿಸಿ ಹಂಚಿದ್ದಕ್ಕೂ ಅದೇ ಪರವಾನಗಿ ಇರಬೇಕು. ‘ಎನ್‌ಸಿ’ ಎಂದರೆ ವಾಣಿಜ್ಯ ಬಳಕೆ ಸಲ್ಲದು. ‘ಎನ್‌ಡಿ’ ಎಂದರೆ ಬದಲಿಸಿದ ರೂಪವನ್ನು ಹಂಚುವಂತಿಲ್ಲ. ಗಣಿತ ಕಲಿಸುವವರಿಗೆ ಹೆಚ್ಚು ತೊಡಕು ಕೊಡುವುದು ಈ ಕೊನೆಯದು. ಒಂದು ಲೆಕ್ಕದ ಅಂಕಿ ಬದಲಿಸಿ ಹಂಚುವುದೂ ಬದಲಾವಣೆಯೇ ಎಂಬ ವಾದಕ್ಕೆ ಅದು ಎಡೆ ಮಾಡುತ್ತದೆ. ಆಯ್ಕೆ ಇದ್ದರೆ ಎನ್‌ಡಿ ಸಾಮಗ್ರಿಯನ್ನು ಓದಲು ಮಾತ್ರ ಇಟ್ಟುಕೊಳ್ಳಿ.

ಹುಡುಕಿದರೆ ಸಾವಿರ ಸಿಗುತ್ತವೆ. ಎಲ್ಲಿಂದ ಆರಂಭಿಸಲಿ?

ಪುಸ್ತಕದಿಂದ. ವೀಡಿಯೊದಿಂದ ಆರಂಭಿಸಿದವರು ಸಾಮಾನ್ಯವಾಗಿ ಮೂರನೆಯ ವಾರಕ್ಕೆ ಸುಸ್ತಾಗುತ್ತಾರೆ. ವೀಡಿಯೊಗಳ ಸರಣಿ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಅಭ್ಯಾಸ ಲೆಕ್ಕಗಳ ಮೆಟ್ಟಿಲು ಇರುವುದಿಲ್ಲ.

ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾಥಮ್ಯಾಟಿಕ್ಸ್ ಪರಿಶೀಲಿಸಿ ಒಪ್ಪಿದ ಮುಕ್ತ ಪಠ್ಯಪುಸ್ತಕಗಳ ಪಟ್ಟಿಯೊಂದನ್ನು ನಡೆಸುತ್ತದೆ. ಮೊದಲು ಅದನ್ನು ನೋಡಿ. ಕಲನಶಾಸ್ತ್ರಕ್ಕೆ, ಉಚಿತ ಪಠ್ಯಪುಸ್ತಕಗಳನ್ನು ಪ್ರಕಟಿಸುವ ಓಪನ್‌ಸ್ಟ್ಯಾಕ್ಸ್‌ನ ಮೂರು ಸಂಪುಟಗಳಿವೆ. ರೇಖೀಯ ಬೀಜಗಣಿತಕ್ಕೆ ಜಿಮ್ ಹೆಫರಾನ್ ಅವರ ಪುಸ್ತಕವಿದೆ, ಅದರ ಎಲ್ಲ ಅಭ್ಯಾಸಗಳಿಗೂ ಬಿಡಿಸಿದ ಉತ್ತರಗಳ ಸಂಪುಟವೂ ಜೊತೆಗೇ ಸಿಗುತ್ತದೆ. ವಿಶ್ಲೇಷಣೆಗೆ ಯಿರ್ಜಿ ಲೆಬ್ಲ್, ಅಮೂರ್ತ ಬೀಜಗಣಿತಕ್ಕೆ ಥಾಮಸ್ ಜಡ್ಸನ್. ಈ ನಾಲ್ಕರಿಂದ ಮೊದಲೆರಡು ವರ್ಷಗಳ ಪಾಠ ಹೆಚ್ಚುಕಡಿಮೆ ಸಾಗುತ್ತದೆ.

ಎಂಐಟಿ 2001ರಲ್ಲಿ ಘೋಷಿಸಿದ ಓಪನ್‌ಕೋರ್ಸ್‌ವೇರ್ ಇಂದಿಗೂ ದೊಡ್ಡ ಭಂಡಾರ. ಆದರೆ ಅಲ್ಲಿನ ಒಂದು ಸೂಕ್ಷ್ಮ ಗಮನಿಸಿ. ಉಪನ್ಯಾಸ, ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆಗಳು ಉಚಿತ. ಅವು ಅನುಸರಿಸುವ ಪಠ್ಯಪುಸ್ತಕ ಹಲವು ಸಲ ಮಾರಾಟದ್ದು. ಗಿಲ್ಬರ್ಟ್ ಸ್ಟ್ರಾಂಗ್ ಅವರ ಪ್ರಸಿದ್ಧ ರೇಖೀಯ ಬೀಜಗಣಿತದ ಪಾಠವೂ ಹಾಗೆಯೇ.

ದುಡ್ಡು ಕೊಡದೆ ಸಿಗುವ ಪುಸ್ತಕ ಗುಣಮಟ್ಟದಲ್ಲಿ ಕಡಿಮೆಯೇ ಇರಬೇಕಲ್ಲವೇ?

ಬೆಲೆ ನೋಡಿ ಹೇಳಲಾಗದು, ಪುಟ ತೆರೆದು ಹೇಳಬಹುದು. ನಾನು ಮೊದಲು ನೋಡುವುದು ಸರಪಳಿ ನಿಯಮದ (ಚೈನ್ ರೂಲ್) ಸಾಧನೆಯನ್ನು, ಅಂದರೆ ಪ್ರೂಫನ್ನು. ಒಳಗಿನ ಫಂಕ್ಷನ್ ಜಿ ಎಂದಿರಲಿ. ಜಿ(ಎಕ್ಸ್) ಮತ್ತು ಜಿ(ಎ) ನಡುವಿನ ವ್ಯತ್ಯಾಸದಿಂದ ಭಾಗಿಸಿ, ಮಿತಿ ತೆಗೆದು, ‘ಸಾಧಿಸಲಾಯಿತು’ ಎಂದು ಬರೆದಿದ್ದರೆ ಅಲ್ಲೊಂದು ತೂತಿದೆ: ಆ ವ್ಯತ್ಯಾಸ ಎ ಬಿಂದುವಿನ ಸಮೀಪದಲ್ಲೇ ಮತ್ತೆ ಮತ್ತೆ ಸೊನ್ನೆಯಾಗಬಹುದು. ಎಕ್ಸ್ ವರ್ಗವನ್ನು ಸೈನ್(1/ಎಕ್ಸ್)ನಿಂದ ಗುಣಿಸಿ, ಸೊನ್ನೆಯಲ್ಲಿ ಬೆಲೆಯನ್ನು ಸೊನ್ನೆ ಎಂದಿಟ್ಟರೆ ಅಂಥದ್ದೇ ಫಂಕ್ಷನ್ ಸಿಗುತ್ತದೆ. ಒಳ್ಳೆಯ ಪುಸ್ತಕ ಈ ತೂತನ್ನು ಮುಚ್ಚುತ್ತದೆ, ಇಲ್ಲವೇ ‘ಇಲ್ಲಿ ಒಂದು ಕೊರತೆಯಿದೆ’ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ಎರಡೂ ಮಾಡದ ಪುಸ್ತಕಗಳು ಮಾರಾಟದವುಗಳಲ್ಲೂ ಧಾರಾಳವಾಗಿವೆ.

ಎರಡನೆಯ ಪರೀಕ್ಷೆ ಅಭ್ಯಾಸಗಳದ್ದು. ಒಂದೇ ಬಗೆಯ 30 ಲೆಕ್ಕಗಳಿವೆಯೇ, ಅಥವಾ ‘ಈ ಷರತ್ತನ್ನು ತೆಗೆದರೆ ಏನಾಗುತ್ತದೆ’ ಎಂದು ಕೇಳುವವೂ ಇವೆಯೇ?

ವಿದ್ಯಾರ್ಥಿಗಳಿಗೆ ಸಿಕ್ಕಿದ್ದನ್ನೆಲ್ಲ ಕೊಡಬಹುದಲ್ಲ, ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲಿ?

ಆರಿಸುವುದು ವಿಷಯ ಗೊತ್ತಿರುವವರ ಕೆಲಸ. ಗೊತ್ತಿಲ್ಲದವರ ಮುಂದೆ 20 ಕೊಂಡಿಗಳನ್ನು ಸುರಿದರೆ ಅವರು ಒಂದನ್ನೂ ತೆರೆಯುವುದಿಲ್ಲ, ತೆರೆದರೂ ತೀರಾ ಸುಲಭವಾದದ್ದನ್ನು ತೆರೆಯುತ್ತಾರೆ. ಒಂದು ಪುಸ್ತಕ ಬೆನ್ನೆಲುಬಾಗಿರಲಿ. ಪ್ರತಿ ವಾರ ಅದಕ್ಕೆ ಒಂದು ವೀಡಿಯೊ, ಕೈಯಿಂದ ಅಲ್ಲಾಡಿಸಿ ನೋಡಬಹುದಾದ ಒಂದು ಚಲಿಸುವ ಚಿತ್ರ, ಅಷ್ಟೇ. ಯಾವುದು ಕಡ್ಡಾಯ, ಯಾವುದು ಆಸಕ್ತಿಯಿದ್ದರೆ ಎಂಬುದನ್ನು ಕೊಂಡಿಯ ಪಕ್ಕದಲ್ಲೇ ಬರೆಯಿರಿ.

## ತರಗತಿಯ ಒಳಗೆ

ಒಂದೊಂದು ಕಡೆ ಒಂದೊಂದು ವ್ಯಾಖ್ಯೆ, ಒಂದೊಂದು ಸಂಕೇತ. ಮಕ್ಕಳು ತಬ್ಬಿಬ್ಬಾಗುತ್ತಾರೆ. ಏನು ಮಾಡಲಿ?

ಉಚಿತ ಸಾಮಗ್ರಿ ಬಳಸುವವರು ನಿಜವಾಗಿ ಎಡವುವುದು ಇಲ್ಲಿಯೇ. ಬೇರೆ ವಿಷಯಗಳಲ್ಲಿ ಎರಡು ಮೂಲಗಳು ಬೇರೆ ಮಾತಿನಲ್ಲಿ ಒಂದೇ ಸಂಗತಿ ಹೇಳಿದರೆ ತೊಂದರೆಯಿಲ್ಲ. ಗಣಿತದಲ್ಲಿ ಅದರಿಂದ ಉತ್ತರವೇ ಬದಲಾಗಬಹುದು.

ಗೋಳೀಯ ನಿರ್ದೇಶಾಂಕಗಳನ್ನೇ ತೆಗೆದುಕೊಳ್ಳಿ. ಕಲನಶಾಸ್ತ್ರದ ಅನೇಕ ಪುಸ್ತಕಗಳಲ್ಲಿ ಲಂಬ ಅಕ್ಷದಿಂದ ಅಳೆಯುವ ಕೋನ ಫೈ, ಸುತ್ತ ತಿರುಗುವ ಕೋನ ಥೀಟಾ. ಭೌತಶಾಸ್ತ್ರದ ಪಾಠಗಳಲ್ಲಿ ಇದು ತಿರುವುಮುರುವು. ವಿದ್ಯಾರ್ಥಿ ಗಾತ್ರದ ಸೂತ್ರವನ್ನು ಒಂದು ವೀಡಿಯೊದಿಂದ, ಕೋನಗಳ ವ್ಯಾಪ್ತಿಯನ್ನು ಪುಸ್ತಕದಿಂದ ತೆಗೆದುಕೊಂಡ ಎನ್ನಿ. ಸೈನ್ ಥೀಟಾವನ್ನು ಸೊನ್ನೆಯಿಂದ ಎರಡು ಪೈವರೆಗೆ ಅನುಕಲಿಸುತ್ತಾನೆ, ಗೋಳದ ಗಾತ್ರ ಸೊನ್ನೆ ಎಂದು ಬರುತ್ತದೆ. ಲೆಕ್ಕದ ಒಂದೊಂದು ಸಾಲೂ ಸರಿ. ಎರಡು ಗುರುಗಳೂ ಸರಿ. ಉತ್ತರ ಮಾತ್ರ ಅಸಂಬದ್ಧ.

ಇಂಥ ಜಾಗಗಳು ಇನ್ನೂ ಇವೆ. ಸ್ವಾಭಾವಿಕ ಸಂಖ್ಯೆಗಳಲ್ಲಿ ಸೊನ್ನೆ ಸೇರಿದೆಯೇ? ರಿಂಗ್ ಎಂದರೆ ಗುಣಾಕಾರದ ಏಕಾಂಶ ಇರಲೇಬೇಕೇ? ಸಂಕೀರ್ಣ ಸಂಖ್ಯೆಗಳ ಮೇಲಿನ ಒಳಗುಣಲಬ್ಧ ಯಾವ ಸ್ಥಾನದಲ್ಲಿ ರೇಖೀಯ, ಮೊದಲನೆಯದರಲ್ಲೋ ಎರಡನೆಯದರಲ್ಲೋ? ಐಗೆನ್ ಬೆಲೆಗಳನ್ನು ಕೊಡುವ ಲಾಕ್ಷಣಿಕ ಬಹುಪದವನ್ನು ‘ಮ್ಯಾಟ್ರಿಕ್ಸ್ ಕಳೆ ಲ್ಯಾಂಬ್ಡಾ’ ಎಂದು ಬರೆದಿದ್ದಾರೋ ‘ಲ್ಯಾಂಬ್ಡಾ ಕಳೆ ಮ್ಯಾಟ್ರಿಕ್ಸ್’ ಎಂದೋ? 3×3 ಮ್ಯಾಟ್ರಿಕ್ಸಿನಲ್ಲಿ ಇಷ್ಟರಿಂದಲೇ ಚಿಹ್ನೆ ತಿರುಗುತ್ತದೆ. ಫೂರಿಯೇ ರೂಪಾಂತರದಲ್ಲಿ ಎರಡು ಪೈ ಎಲ್ಲಿ ಕುಳಿತಿದೆ ಎಂಬುದರ ಮೇಲಂತೂ ಒಮ್ಮತವೇ ಇಲ್ಲ.

ಪರಿಹಾರ ಒಂದೇ ಹಾಳೆಯದ್ದು. ಸೆಮಿಸ್ಟರ್ ಆರಂಭದಲ್ಲಿ ‘ನಮ್ಮ ತರಗತಿಯ ಸಂಕೇತಗಳು’ ಎಂಬ ಪಟ್ಟಿ ಮಾಡಿ, ನೀವು ಕೊಡುವ ಪ್ರತಿ ಮೂಲದ ಮುಂದೆ ಅಲ್ಲಿ ಏನು ಬೇರೆ ಇದೆ ಎಂದು ಬರೆಯಿರಿ. ವ್ಯತ್ಯಾಸವನ್ನು ಮುಚ್ಚಿಡಬೇಡಿ. ಎರಡು ವ್ಯಾಖ್ಯೆಗಳನ್ನು ಕೊಟ್ಟು ‘ಇವು ಯಾವಾಗ ಬೇರೆ ಉತ್ತರ ಕೊಡುತ್ತವೆ?’ ಎಂದು ಕೇಳುವುದು ಎರಡನೆಯ ವರ್ಷದವರಿಗೆ ಒಳ್ಳೆಯ ಅಭ್ಯಾಸ.

ವೀಡಿಯೊ ನೋಡಿಕೊಂಡು ಬನ್ನಿ ಎಂದರೆ ಅರ್ಧ ತರಗತಿ ನೋಡಿಯೇ ಇರುವುದಿಲ್ಲ!

50 ನಿಮಿಷದ ಉಪನ್ಯಾಸ ಕೊಟ್ಟಿದ್ದರೆ ನೋಡದಿರುವುದು ಸಹಜ. ಎಡ್‌ಎಕ್ಸ್‌ನ ನಾಲ್ಕು ಆನ್‌ಲೈನ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಆಧರಿಸಿದ 2014ರ ಅಧ್ಯಯನದಲ್ಲಿ, ವೀಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ನಿಂತ ಅವಧಿಯ ಮಧ್ಯಾಂಕ 6 ನಿಮಿಷ ಮೀರಲಿಲ್ಲ. ಆದ್ದರಿಂದ ಪೂರ್ತಿ ಉಪನ್ಯಾಸ ಕೊಡಬೇಡಿ, ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ಎಂದು ಹೇಳಿ.

ಅದಕ್ಕಿಂತ ಮುಖ್ಯವಾದದ್ದು, ನೋಡುವ ಮೊದಲೇ ಒಂದು ಪ್ರಶ್ನೆ ಕೈಯಲ್ಲಿರಬೇಕು. ಐಗೆನ್ ವೆಕ್ಟರ್ ಪಾಠವಿದೆ ಎನ್ನಿ. ಮೊದಲ ಸಾಲು 1, 1. ಎರಡನೆಯ ಸಾಲು 0, 1 ಇರುವ ಮ್ಯಾಟ್ರಿಕ್ಸ್ ಕೊಟ್ಟು, ‘ಇದು ಯಾವ ದಿಕ್ಕುಗಳನ್ನು ಬದಲಿಸದೆ ಬಿಡುತ್ತದೆ? ಚಿತ್ರ ಬರೆದು ಊಹಿಸಿ’ ಎಂದು ಕೇಳಿ. 2×2 ಎಂದ ಮೇಲೆ ಎರಡು ದಿಕ್ಕು ಇರಲೇಬೇಕು ಎಂದು ಹೆಚ್ಚಿನವರು ಹಟ ಹಿಡಿದು ಹುಡುಕುತ್ತಾರೆ. ಲಂಬವಾಗಿದ್ದ ವೆಕ್ಟರ್ ಓರೆಯಾಗುತ್ತದೆ, ಓರೆಯಾದದ್ದು ಇನ್ನಷ್ಟು ಬಾಗುತ್ತದೆ, ಅಡ್ಡವಾಗಿದ್ದದ್ದು ಮಾತ್ರ ಅಲುಗುವುದಿಲ್ಲ. ಆ ಗೊಂದಲದಲ್ಲಿರುವಾಗ ಯೂಟ್ಯೂಬಿನ ತ್ರೀಬ್ಲೂಒನ್‌ಬ್ರೌನ್ ಚಾನೆಲ್‌ನ ರೇಖೀಯ ಬೀಜಗಣಿತ ಸರಣಿಯಿಂದ ಸಂಬಂಧಿಸಿದ ಭಾಗ ತೋರಿಸಿದರೆ ನೋಡುವ ಕಣ್ಣೇ ಬೇರೆ. ತರಗತಿಗೆ ಬಂದಾಗ ಹಾಜರಿಗೆ ಬದಲು ಆ ಊಹೆಯ ಚಿತ್ರ ಕೇಳಿ.

ನೋಡದೆ ಬಂದವರಿಗೆ ವೀಡಿಯೊದ ವಿಷಯವನ್ನು ಮತ್ತೆ ಪಾಠ ಮಾಡಬೇಡಿ. ಒಮ್ಮೆ ಮಾಡಿದರೆ ಮುಂದಿನ ವಾರದಿಂದ ಯಾರೂ ನೋಡುವುದಿಲ್ಲ.

ಜಗತ್ಪ್ರಸಿದ್ಧರೇ ಪಾಠ ಮಾಡಿಟ್ಟಿರುವಾಗ ನಾನೇನು ಮಾಡಬೇಕು?

ಅವರು ಮಾಡಲಾಗದ್ದನ್ನು. ಪರದೆಯ ಮೇಲಿನವರಿಗೆ ನಿಮ್ಮ ಎದುರಿನ ಹುಡುಗಿ ಯಾವ ಸಾಲಿನಲ್ಲಿ ಹುಬ್ಬು ಗಂಟಿಕ್ಕಿದಳು ಎಂಬುದು ಕಾಣುವುದಿಲ್ಲ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2014ರ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಂಭವ, ತರಗತಿಯಲ್ಲಿ ತಾವೇ ಕೆಲಸ ಮಾಡಿದವರಿಗಿಂತ ಒಂದೂವರೆ ಪಟ್ಟು. ಉಪನ್ಯಾಸವನ್ನು ವೀಡಿಯೊಗೆ ವಹಿಸಿ, ಉಳಿದ ಹೊತ್ತಿನಲ್ಲಿ ಲೆಕ್ಕ ಮಾಡಿಸಿ. ಉಳಿದ ಹೊತ್ತಿನಲ್ಲೂ ಉಪನ್ಯಾಸವನ್ನೇ ಮಾಡುವುದಾದರೆ ಇಷ್ಟೆಲ್ಲ ತಾಪತ್ರಯ ಏತಕ್ಕೆ?

‘ನೋಡಿದಾಗ ಅರ್ಥವಾಗಿತ್ತು, ಲೆಕ್ಕ ಮಾತ್ರ ಬರುತ್ತಿಲ್ಲ’ ಎನ್ನುತ್ತಾರೆ. ಇದಕ್ಕೇನು ಔಷಧ?

ಅರ್ಥವಾದಂತೆ ಅನಿಸಿದ್ದು ಸುಳ್ಳಲ್ಲ, ಆದರೆ ಆ ಅನಿಸಿಕೆಗೂ ಕಲಿಕೆಗೂ ನಂಟು ಕಡಿಮೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಯವಾದ ಉಪನ್ಯಾಸ ಕೇಳಿದವರು ತಾವು ಹೆಚ್ಚು ಕಲಿತೆವು ಎಂದುಕೊಂಡರು. ಪರೀಕ್ಷೆಯಲ್ಲಿ ಹೆಚ್ಚು ಗಳಿಸಿದವರು ತಾವೇ ತಿಣುಕಿದವರು. ಇದನ್ನು ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳಿಬಿಡಿ, ಆಗ ತಿಣುಕಾಟ ಅವರಿಗೆ ಅವಮಾನ ಅನಿಸುವುದಿಲ್ಲ.

ಒಂದು ಸರಳ ಪದ್ಧತಿ: ಬಿಡಿಸಿದ ಲೆಕ್ಕದ ವೀಡಿಯೊವನ್ನು ಪ್ರತಿ ಸಾಲಿಗೆ ಮೊದಲು ನಿಲ್ಲಿಸಿ, ಮುಂದಿನ ಸಾಲನ್ನು ಕಾಗದದ ಮೇಲೆ ಬರೆದ ಮೇಲೆಯೇ ಮುಂದಕ್ಕೆ ಬಿಡುವುದು. ಮರುದಿನ ವೀಡಿಯೊ ಇಲ್ಲದೆ ಅದೇ ಲೆಕ್ಕವನ್ನು ಬೇರೆ ಅಂಕಿಗಳೊಂದಿಗೆ ಮಾಡುವುದು.

ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಚಿತ್ರ ಅಲ್ಲಾಡಿಸಿ ತೋರಿಸಿದರೆ ಸಾಕೇ?

ನೀವು ಅಲ್ಲಾಡಿಸಿದರೆ ನೀವು ಕಲಿಯುತ್ತೀರಿ. ಸ್ಲೈಡರ್ ವಿದ್ಯಾರ್ಥಿಯ ಕೈಗೆ ಹೋಗಲಿ, ಜೊತೆಗೆ ಒಂದು ಸವಾಲೂ ಇರಲಿ. ಎಪ್ಸಿಲಾನ್ ಅನ್ನು ನೀವು ಇಡಿ, ಡೆಲ್ಟಾ ಅವರು ಹುಡುಕಲಿ.

ಚಿತ್ರ ಮೋಸ ಮಾಡುವ ಜಾಗಗಳನ್ನೂ ಬೇಕೆಂದೇ ತೋರಿಸಿ. (ಎಕ್ಸ್ ವರ್ಗ ಕಳೆ 1) ಅನ್ನು (ಎಕ್ಸ್ ಕಳೆ 1)ರಿಂದ ಭಾಗಿಸಿ ನಕ್ಷೆ ಬರೆಸಿದರೆ ಪರದೆಯ ಮೇಲೆ ಅಖಂಡ ಸರಳರೇಖೆ ಕಾಣುತ್ತದೆ, 1ರ ಬಳಿ ಇರುವ ತೂತು ಬರಿಗಣ್ಣಿಗೆ ಕಾಣುವುದಿಲ್ಲ. ಸೈನ್(1/ಎಕ್ಸ್) ಸೊನ್ನೆಯ ಹತ್ತಿರ ಬರೀ ಮಸಿಯಾಗುತ್ತದೆ. ತಂತ್ರಾಂಶ ಕೆಲವೇ ಬಿಂದುಗಳನ್ನು ಲೆಕ್ಕ ಹಾಕಿ ಗೆರೆ ಎಳೆಯುತ್ತದೆ ಎಂಬುದನ್ನು ಇಲ್ಲಿಯೇ ಹೇಳಬಹುದು.

## ಅಭ್ಯಾಸ ಮತ್ತು ಮೌಲ್ಯಮಾಪನ

ಅಭ್ಯಾಸ ಲೆಕ್ಕಗಳನ್ನು ಕಂಪ್ಯೂಟರೇ ತಿದ್ದುವಂತೆ ಮಾಡಬಹುದೇ?

ಮಾಡಬಹುದು, ಹಣ ಕೊಡದೆಯೂ. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ವೆಬ್‌ವರ್ಕ್‌ಗೆ 30,000ಕ್ಕೂ ಹೆಚ್ಚು ಲೆಕ್ಕಗಳ ಮುಕ್ತ ಭಂಡಾರವಿದೆ. ಮೂಡಲ್ ಎಂಬ ಕಲಿಕಾ ನಿರ್ವಹಣಾ ತಂತ್ರಾಂಶ ಬಳಸುವವರಿಗೆ ಸ್ಟ್ಯಾಕ್ ಹತ್ತಿರವಾದದ್ದು. ಅದು ಹಿನ್ನೆಲೆಯಲ್ಲಿ ಮ್ಯಾಕ್ಸಿಮಾ ಎಂಬ ಬೀಜಗಣಿತ ತಂತ್ರಾಂಶವನ್ನು ಓಡಿಸಿ ಉತ್ತರವನ್ನು ಪರಿಶೀಲಿಸುತ್ತದೆ. ‘ಎಲ್ಲೆಡೆ ಅವಿಚ್ಛಿನ್ನವಾಗಿದ್ದು ಸೊನ್ನೆಯಲ್ಲಿ ಮಾತ್ರ ಅವಕಲನೀಯವಲ್ಲದ ಫಂಕ್ಷನ್ ಒಂದನ್ನು ಕೊಡಿ’ ಎಂಬಂಥ ನೂರು ಸರಿಯುತ್ತರಗಳ ಪ್ರಶ್ನೆಗೂ, ಶ್ರಮಪಟ್ಟು ಬರೆದರೆ, ಅದರಲ್ಲಿ ಜಾಗವಿದೆ. ಈ ಬಗೆಯ ಪ್ರಶ್ನೆಗಳಿಗಾಗಿಯೇ ನಾನು ಸ್ಟ್ಯಾಕ್ ಕಡೆ ವಾಲುತ್ತೇನೆ.

ಪ್ರಶ್ನೆ ಬರೆಯುವಾಗ ಎಚ್ಚರ ಬೇಕಾದ ಜಾಗಗಳು ಕೆಲವು. ಎಕ್ಸ್ ವರ್ಗ ಕಳೆ 1 ಅನ್ನು ಅಪವರ್ತಿಸಿ ಎಂದು ಕೇಳಿ, ಬೆಲೆ ಸಮಾನವೇ ಎಂದಷ್ಟೇ ಪರೀಕ್ಷಿಸಿದರೆ, ಪ್ರಶ್ನೆಯನ್ನೇ ನಕಲು ಮಾಡಿ ಹಾಕಿದವನಿಗೂ ಪೂರ್ಣ ಅಂಕ ಬರುತ್ತದೆ. ಎರಡು ಸೈನ್ ಎಕ್ಸ್ ಕಾಸ್ ಎಕ್ಸ್‌ನ ಅನುಕಲನಕ್ಕೆ ಒಬ್ಬರು ಸೈನ್ ವರ್ಗ, ಇನ್ನೊಬ್ಬರು ಋಣ ಕಾಸ್ ವರ್ಗ ಎಂದು ಬರೆಯುತ್ತಾರೆ. ಎರಡೂ ಸರಿ, ವ್ಯತ್ಯಾಸ ಒಂದು ಸ್ಥಿರಾಂಕ ಮಾತ್ರ, ಆದರೆ ಹೇಳಿಕೊಡದ ಯಂತ್ರ ಒಬ್ಬರನ್ನು ಶಿಕ್ಷಿಸುತ್ತದೆ. ಪ್ರತಿಯೊಬ್ಬರಿಗೂ ಬೇರೆ ಅಂಕಿ ಬರುವಂತೆ ಇಟ್ಟಾಗ ಯಾರಿಗೋ 2, 4, 1, 2 ಇರುವ ಮ್ಯಾಟ್ರಿಕ್ಸ್ ಬಂದು, ಇಲ್ಲದ ವಿಲೋಮವನ್ನು ಹುಡುಕುತ್ತಾ ರಾತ್ರಿ ಕಳೆಯುತ್ತಾರೆ. ಡಿಟರ್ಮಿನೆಂಟ್ ಸೊನ್ನೆಯಾಗದಂತೆ ಮೊದಲೇ ಕಟ್ಟುಪಾಡು ಹಾಕಿ.

ಸಾಧನೆಗಳನ್ನೂ ಯಂತ್ರ ತಿದ್ದುತ್ತದೆಯೇ?

ಸಹಜ ಭಾಷೆಯಲ್ಲಿ ಬರೆದ ಸಾಧನೆಯನ್ನು ತಿದ್ದುವುದು ಈಗಲೂ ನಿಮ್ಮ ಕೆಂಪು ಪೆನ್ನಿನ ಕೆಲಸವೇ. ಭಾಷಾ ಮಾದರಿಗಳು ತಿದ್ದಿಕೊಡುತ್ತೇವೆ ಎನ್ನುತ್ತವೆ, ಆದರೆ ತಪ್ಪು ಸಾಧನೆಯನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೊಗಳಿಬಿಡಬಲ್ಲವು. ಅಂಕವನ್ನು ಅವುಗಳ ಕೈಗೆ ಕೊಡಬಾರದು.

ಲೀನ್‌ನಂಥ ಸಾಧನಾ ಸಹಾಯಕಗಳ ದಾರಿ ಬೇರೆ. ಅಲ್ಲಿ ಸಾಧನೆಯನ್ನು ಕಟ್ಟುನಿಟ್ಟಿನ ಸಂಕೇತ ಭಾಷೆಯಲ್ಲಿ ಬರೆಯಬೇಕು, ಹೆಜ್ಜೆ ಸರಿಯಿಲ್ಲದಿದ್ದರೆ ಯಂತ್ರ ಮುಂದಕ್ಕೆ ಬಿಡುವುದಿಲ್ಲ. ಬ್ರೌಸರಿನಲ್ಲೇ ಆಡಬಹುದಾದ ನ್ಯಾಚುರಲ್ ನಂಬರ್ ಗೇಮ್ ಗಣಿತೀಯ ಅನುಗಮನವನ್ನು ಹೀಗೆ ಕಲಿಸುತ್ತದೆ. ಸಂಕಲನದ ಕ್ರಮ ಬದಲಿಸಿದರೂ ಮೊತ್ತ ಒಂದೇ ಎಂಬುದನ್ನೂ ಅಲ್ಲಿ ಸಾಧಿಸಿಯೇ ಗಳಿಸಬೇಕು. ಒಂದು ವಾರದ ಐಚ್ಛಿಕ ಚಟುವಟಿಕೆಯಾಗಿ ಸೊಗಸು. ಇಡೀ ಕೋರ್ಸನ್ನು ಅದರ ಮೇಲೆ ನಿಲ್ಲಿಸುವುದಾದರೆ ಪಠ್ಯದ ಅರ್ಧ ಸಮಯ ಆ ಭಾಷೆಯ ವ್ಯಾಕರಣಕ್ಕೇ ಹೋಗುತ್ತದೆ.

ಉತ್ತರಗಳೆಲ್ಲ ಅಂತರ್ಜಾಲದಲ್ಲೇ ಇರುವಾಗ ಮನೆಕೆಲಸಕ್ಕೆ ಅಂಕ ಕೊಡುವುದು ಹೇಗೆ?

ಹೆಚ್ಚು ಅಂಕ ಕೊಡಬೇಡಿ. ಉತ್ತರ ಬಚ್ಚಿಡುವ ಆಟದಲ್ಲಿ ಗೆಲ್ಲಲಾಗದು, ಅದನ್ನು ಬಿಟ್ಟು ಉತ್ತರವನ್ನೇ ಪ್ರಶ್ನೆಯಾಗಿಸಿ. ‘ಮುಚ್ಚಿದ ಅಂತರ [0, 1]ರ ಮೇಲೆ ಅವಿಚ್ಛಿನ್ನವಾದದ್ದು ಏಕರೂಪವಾಗಿಯೂ ಅವಿಚ್ಛಿನ್ನ’ ಎಂಬ ಪ್ರಮೇಯದ ಸಾಧನೆ ಎಲ್ಲೆಡೆ ಸಿಗುತ್ತದೆ. ಅದನ್ನು ಮುದ್ರಿಸಿ ಕೈಗೆ ಕೊಟ್ಟು, ‘ಅಂತರವು ಮುಚ್ಚಿದ್ದು ಎಂಬುದನ್ನು ಯಾವ ಸಾಲಿನಲ್ಲಿ ಬಳಸಿದ್ದಾರೆ? ತೆರೆದ ಅಂತರದ ಮೇಲೆ 1/ಎಕ್ಸ್ ತೆಗೆದುಕೊಂಡರೆ ಸಾಧನೆ ಎಲ್ಲಿ ಮುರಿಯುತ್ತದೆ?’ ಎಂದು ತರಗತಿಯಲ್ಲೇ ಹತ್ತು ನಿಮಿಷ ಬರೆಸಿ. ನಕಲು ಮಾಡಿದವನಿಗೆ ಸಾಲು ಸಿಗುವುದಿಲ್ಲ, ಓದಿದವಳಿಗೆ ಸಿಗುತ್ತದೆ.

## ಒಗ್ಗಿಕೊಂಡ ಮೇಲೆ

ಎರಡು ಮುಕ್ತ ಪುಸ್ತಕಗಳ ಅಧ್ಯಾಯಗಳನ್ನು ಸೇರಿಸಿ ನನ್ನದೇ ಪುಸ್ತಕ ಮಾಡಬಹುದೇ?

ಪರವಾನಗಿಗಳು ಹೊಂದಿದರೆ ಮಾತ್ರ. ಬಿವೈ-ಎಸ್‌ಎ ಅಧ್ಯಾಯವನ್ನೂ ಬಿವೈ-ಎನ್‌ಸಿ-ಎಸ್‌ಎ ಅಧ್ಯಾಯವನ್ನೂ ಬೆರೆಸಿ ಒಂದು ಕೃತಿ ಮಾಡುವಂತಿಲ್ಲ, ಏಕೆಂದರೆ ಎರಡೂ ಹೊಸ ಕೃತಿಗೆ ತಮ್ಮದೇ ಷರತ್ತು ಬೇಕೆನ್ನುತ್ತವೆ. ಜಡ್ಸನ್ ಅವರ ಪುಸ್ತಕ ಗ್ನೂ ಮುಕ್ತ ದಸ್ತಾವೇಜು ಪರವಾನಗಿಯದು, ಅದರದ್ದು ಮತ್ತೊಂದು ದಾರಿ. ಲೆಬ್ಲ್ ಮತ್ತು ಹೆಫರಾನ್ ಎರಡೆರಡು ಪರವಾನಗಿಗಳ ಆಯ್ಕೆ ಕೊಟ್ಟು ಈ ಕಷ್ಟ ತಗ್ಗಿಸಿದ್ದಾರೆ. ಬೆರೆಸದೆ, ಬೇರೆ ಬೇರೆ ಕಡತಗಳಾಗಿ ಜೊತೆಯಲ್ಲಿಟ್ಟು ಕೊಟ್ಟರೆ ಈ ತಕರಾರು ಏಳುವುದಿಲ್ಲ.

ತಿದ್ದುವುದಾದರೆ ಮೂಲ ಲೇಟೆಕ್ ಅಥವಾ ಪ್ರೀಟೆಕ್ಸ್ಟ್ ಕಡತ (ಪುಸ್ತಕದ ತಿದ್ದಬಹುದಾದ ರೂಪ) ಸಿಗುತ್ತದೆಯೇ ನೋಡಿ, ಪಿಡಿಎಫ್ ಮಾತ್ರ ಇದ್ದರೆ ಕೈಹಾಕಬೇಡಿ. ಪ್ರಮೇಯಗಳ ಮತ್ತು ಅಭ್ಯಾಸಗಳ ಸಂಖ್ಯೆಯನ್ನು ಬದಲಿಸಬೇಡಿ, ಇಲ್ಲವಾದರೆ ಹಳೆಯ ಪ್ರತಿ ಇಟ್ಟುಕೊಂಡ ವಿದ್ಯಾರ್ಥಿ ಬೇರೆಯೇ ಲೆಕ್ಕ ಮಾಡಿ ತರುತ್ತಾನೆ. ಏನು ಬದಲಿಸಿದ್ದೀರಿ ಎಂದು ಪುಸ್ತಕದ ಆರಂಭದ ಪುಟದಲ್ಲಿ ಬರೆಯಿರಿ, ಬದಲಿಸಿದ್ದರೆ ಸೂಚಿಸಬೇಕು ಎಂದು ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಕೇಳುತ್ತದೆ. ಕಂಡ ತಪ್ಪುಗಳನ್ನು ಮೂಲ ಕರ್ತೃವಿಗೆ ತಿಳಿಸಿ.

ದೃಷ್ಟಿಯಿಲ್ಲದ ವಿದ್ಯಾರ್ಥಿ ತರಗತಿಯಲ್ಲಿದ್ದಾರೆ. ಈ ಸಾಮಗ್ರಿ ಅವರಿಗೆ ಓದಲು ಬರುತ್ತದೆಯೇ?

ಸಾಮಾನ್ಯ ಪಿಡಿಎಫ್‌ನಲ್ಲಿ ಬರುವುದಿಲ್ಲ. ಪರದೆ ಓದುವ ತಂತ್ರಾಂಶ ಭಿನ್ನರಾಶಿಯ ಅಂಶ, ಛೇದಗಳನ್ನು ಒಂದೇ ಸಾಲಿನಂತೆ ಓದಿ ಅರ್ಥ ಕೆಡಿಸುತ್ತದೆ. ಸೂತ್ರಗಳನ್ನು ಮ್ಯಾಥ್‌ಜಾಕ್ಸ್ ಮೂಲಕ ತೋರಿಸುವ ವೆಬ್ ಪುಟಗಳಲ್ಲಿ ಸೂತ್ರದ ರಚನೆ ಉಳಿದಿರುತ್ತದೆ, ಆದ್ದರಿಂದ ಗಟ್ಟಿಯಾಗಿ ಓದಿಸಬಹುದು, ತುಣುಕು ತುಣುಕಾಗಿಯೂ ಕೇಳಬಹುದು. ಪ್ರೀಟೆಕ್ಸ್ಟ್‌ನಲ್ಲಿ ಬರೆದ ಪುಸ್ತಕಗಳಿಂದ ಬ್ರೈಲ್ ಪ್ರತಿ ತೆಗೆಯುವ ವ್ಯವಸ್ಥೆಯೂ ಇದೆ. ವೀಡಿಯೊಗಳಲ್ಲಿ ‘ಇದನ್ನು ಇಲ್ಲಿಗೆ ತಂದರೆ ಅದಾಗುತ್ತದೆ’ ಎನ್ನುವ ಉಪನ್ಯಾಸಕರನ್ನು ಬಿಟ್ಟು, ಬರೆಯುವುದನ್ನು ಬಾಯಲ್ಲೂ ಹೇಳುವವರನ್ನು ಆರಿಸಿ. ಉಳಿದ ವಿದ್ಯಾರ್ಥಿಗಳಿಗೂ ಇವರೇ ಮೇಲು.

ಸೆಮಿಸ್ಟರ್ ಮಧ್ಯದಲ್ಲಿ ಪುಟವೇ ಮಾಯವಾದರೆ?

ಆಗುತ್ತದೆ. ಪರವಾನಗಿ ಒಪ್ಪುವುದನ್ನೆಲ್ಲ ಆರಂಭದಲ್ಲೇ ಇಳಿಸಿ, ಆವೃತ್ತಿಯ ಸಂಖ್ಯೆ ಅಥವಾ ದಿನಾಂಕದೊಂದಿಗೆ ನಿಮ್ಮ ಸಂಸ್ಥೆಯ ಸರ್ವರಿನಲ್ಲಿಡಿ. ಲೆಬ್ಲ್ ಅವರ ಪುಸ್ತಕದಂತೆ ಆಗಾಗ ಪರಿಷ್ಕರಿಸುವವುಗಳ ಹೊಸ ಆವೃತ್ತಿಗೆ ಸೆಮಿಸ್ಟರ್ ಮುಗಿದ ಮೇಲೆಯೇ ಹೋಗಿ. ಇಳಿಸಲು ಅನುಮತಿಯಿಲ್ಲದ ವೀಡಿಯೊಗಳಿಗೆ, ಅದೇ ವಿಷಯದ ಎರಡನೆಯದೊಂದನ್ನು ಗುರುತಿಸಿಟ್ಟುಕೊಳ್ಳಿ. ಹಳೆಯ ಟಿಪ್ಪಣಿಗಳ ಪುಟ ಕಳೆದುಹೋದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಹಾಕಿ ನೋಡಿ. ಬರಹ ಬಹಳಷ್ಟು ಸಲ ಸಿಗುತ್ತದೆ, ಚಲಿಸುವ ಚಿತ್ರಗಳು ಮತ್ತು ತಾವೇ ತಿದ್ದುವ ಲೆಕ್ಕಗಳು ಅಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.